ಪಂಪಿಗೂ ಮೊದಲಿನ ಪೈಪುಗಳು: ಹಳೆಯ ಮನೆಯ ರೇಡಿಯೇಟರುಗಳೊಡನೆ ನನ್ನ ಅನುಭವ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಾವು ಕೊಂಡ ಮನೆ 1914ರಲ್ಲಿ ಕಟ್ಟಿದ್ದು. ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಗ್ಯಾಸ್ ಬಾಯ್ಲರ್, ಅದರ ಮೇಲೆ ಎರಡು ಅಂತಸ್ತು, ಒಳಗೆ ಬಿಸಿನೀರು ಹರಿದು ಕೋಣೆಗಳನ್ನು ಬೆಚ್ಚಗಿಡುವ ಒಟ್ಟು ಹತ್ತು ಎರಕದ ಕಬ್ಬಿಣದ ರೇಡಿಯೇಟರುಗಳು. ಮೊದಲ ಚಳಿಗಾಲದಲ್ಲೇ ತೊಂದರೆ ಕಾಣಿಸಿತು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದ ಒಂದು ದಿನ ಕೆಳಗಿನ ಹಜಾರದಲ್ಲಿ 25 ಡಿಗ್ರಿ ಸೆಲ್ಸಿಯಸ್, ಮಹಡಿಯ ಉತ್ತರದ ಕೋಣೆಯಲ್ಲಿ 15. ಮನೆಯ ಉಷ್ಣತೆಯನ್ನು ನಿಗದಿ ಮಾಡುವ ಥರ್ಮೋಸ್ಟಾಟ್ ಇರುವುದು ಹಜಾರದಲ್ಲಿ. ಅದನ್ನು ಏರಿಸಿದರೆ ಕೆಳಗಿದ್ದವರು ಬೆವರಬೇಕು, ಇಳಿಸಿದರೆ ಮಹಡಿಯಲ್ಲಿದ್ದವರು ನಡುಗಬೇಕು. ಆ ಉತ್ತರದ ಕೋಣೆಯಲ್ಲಿ ಸಾಗರದಿಂದ ಬಂದಿದ್ದ ಅಮ್ಮ ಎರಡು ಶಾಲು ಹೊದ್ದು ಕೂರುತ್ತಿದ್ದರು.

ರೇಡಿಯೇಟರ್ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ ಎಂಬುದು ಎಲ್ಲರೂ ಮೊದಲು ಹೇಳುವ ಮಾತು, ನಾನೂ ಅಲ್ಲಿಂದಲೇ ಆರಂಭಿಸಿದೆ. ನೀರನ್ನು ಪೈಪುಗಳಲ್ಲಿ ಸುತ್ತಿಸುವ ಪಂಪನ್ನು ನಿಲ್ಲಿಸಿ, ಕೆಳಗಿನ ಅಂತಸ್ತಿನಿಂದ ತೊಡಗಿ ಒಂದೊಂದಕ್ಕೂ ಸಣ್ಣ ಕೀಲಿ ಹಾಕಿ ಗಾಳಿ ಬಿಡುತ್ತ ಹೋದೆ. ಉತ್ತರದ ಕೋಣೆಗೆ ಬಂದಾಗ ವಿಚಿತ್ರವಾದದ್ದೊಂದು ನಡೆಯಿತು: ತೂತಿನ ಬಳಿ ಹಿಡಿದ ಟಿಶ್ಯೂ ಕಾಗದ ಹಾರುವ ಬದಲು ತೂತಿಗೇ ಅಂಟಿಕೊಂಡಿತು. ಗಾಳಿ ಹೊರಗೆ ಬರುತ್ತಿರಲಿಲ್ಲ, ಒಳಗೆ ಹೋಗುತ್ತಿತ್ತು. ನೀರನ್ನು ಅಷ್ಟು ಎತ್ತರಕ್ಕೆ ಏರಿಸಿ ನಿಲ್ಲಿಸುವ ಒತ್ತಡವೇ ಇಲ್ಲ ಎಂದು ಇದರರ್ಥ. ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡ ನೀರನ್ನು ಸುಮಾರು 70 ಸೆಂಟಿಮೀಟರ್ ಎತ್ತುತ್ತದೆ. ಬಾಯ್ಲರಿನ ಒತ್ತಡ ಅಳೆಯುವ ಗೇಜ್ 12 ತೋರಿಸುತ್ತಿದ್ದುದರಿಂದ ಎಂಟು ಮೀಟರಿಗೂ ಮೀರಿ ಏರಬೇಕಿತ್ತು, ನಮ್ಮ ಮೇಲಿನ ರೇಡಿಯೇಟರುಗಳ ತಲೆಯಾದರೋ ಗೇಜಿನಿಂದ ಆರೂವರೆ ಮೀಟರಿನಷ್ಟೇ ಮೇಲಿದೆ. ನೀರು ಖಾಲಿಮಾಡುವ ನಲ್ಲಿಗೆ ಹೊಸ ಗೇಜ್ ತಿರುಪಿ ನೋಡಿದಾಗ ನಿಜವಾದ ಒತ್ತಡ 8 ಮಾತ್ರ ಇತ್ತು. ಹಳೆಯ ಗೇಜಿನ ಮುಳ್ಳು ಎಂದೋ ಸಿಕ್ಕಿಕೊಂಡು ಅಲ್ಲೇ ನಿಂತಿತ್ತು.

ಒತ್ತಡವನ್ನು 12ಕ್ಕೆ ಏರಿಸಿ ಮತ್ತೆ ಗಾಳಿ ಬಿಟ್ಟಾಗ ಆ ಒಂದು ರೇಡಿಯೇಟರಿನ ಮೇಲರ್ಧಕ್ಕೂ ನೀರು ತುಂಬಿತು. ಗಾಳಿ ಬಿಡುವಾಗ ಕೊನೆಗೆ ಚಿಮ್ಮುವ ನೀರು ಮಸಿಯಂತೆ ಕಪ್ಪಗಿರುತ್ತದೆ. ಕೆಳಗೊಂದು ಬಟ್ಟಲು ಹಿಡಿಯದೆ ಹೋದುದರ ಗುರುತು ನಮ್ಮ ಜಮಖಾನದ ಮೇಲೆ ಇಂದಿಗೂ ಇದೆ. ಆದರೆ ಕೋಣೆಯ ಉಷ್ಣತೆ ಒಂದು ಡಿಗ್ರಿಗಿಂತ ಹೆಚ್ಚು ಏರಲಿಲ್ಲ, ಮಹಡಿಯ ಉಳಿದ ನಾಲ್ಕು ರೇಡಿಯೇಟರುಗಳು ಇದ್ದಂತೆಯೇ ಇದ್ದವು.

ಇಷ್ಟಾದ ಮೇಲೆ ಕೈಯಿಂದ ಮುಟ್ಟಿ ಅಂದಾಜು ಮಾಡುವುದನ್ನು ಬಿಟ್ಟು ಅಳೆಯತೊಡಗಿದೆ. ದೂರದಿಂದಲೇ ಉಷ್ಣತೆ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಅಗ್ಗವಾಗಿಯೇ ಸಿಗುತ್ತದೆ, ಆದರೆ ಹಳೆಯ ರೇಡಿಯೇಟರುಗಳಿಗೆ ಬಳಿದಿರುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟಿನ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕಾಗಿ ಪ್ರತಿಯೊಂದು ರೇಡಿಯೇಟರಿಗೆ ನೀರು ಬರುವ ಕಡೆಯೂ ಹೋಗುವ ಕಡೆಯೂ ಪೇಂಟರುಗಳು ಬಳಸುವ ಕಾಗದದ ಟೇಪಿನ ಚೂರು ಅಂಟಿಸಿ ಅದರ ಮೇಲೆಯೇ ಅಳೆದೆ. ಕೆಳಗಿನ ಅಂತಸ್ತಿನಲ್ಲಿ ನೀರು 70 ಡಿಗ್ರಿಯಲ್ಲಿ ಬಂದು 64ರಲ್ಲಿ ಹೋಗುತ್ತಿತ್ತು; ಮಹಡಿಯಲ್ಲಿ 62ರಲ್ಲಿ ಬಂದು 36ರಲ್ಲಿ ಹೋಗುತ್ತಿತ್ತು. ಎರಡೂ ತುದಿ ತಣ್ಣಗಿದ್ದರೆ ದಾರಿ ಕಟ್ಟಿದೆ ಎನ್ನಬಹುದು, ಕೆಳಭಾಗ ಬಿಸಿಯಾಗಿ ತಲೆ ಮಾತ್ರ ತಣ್ಣಗಿದ್ದರೆ ಗಾಳಿ ಎನ್ನಬಹುದು. ಒಂದು ತುದಿ ಬಿಸಿಯಾಗಿದ್ದು ಇನ್ನೊಂದು ಇಷ್ಟೊಂದು ತಣಿದಿದ್ದರೆ ನೀರು ಬರುತ್ತಿದೆ, ಆದರೆ ಸಾಲದಷ್ಟು ಬರುತ್ತಿದೆ. ಕರೆಸಿದ ಪ್ಲಂಬರ್ ಒಬ್ಬರು ಇದನ್ನು ಕೇಳಿ ದೊಡ್ಡ ಪಂಪ್ ಹಾಕಿಸಿ ಎಂದರು. ಅಷ್ಟು ಹೊತ್ತಿಗೆ ನನಗೂ ಅದೇ ಸರಿ ಎನಿಸಿತ್ತು.

ಅದನ್ನು ತಡೆದದ್ದು ಅಮ್ಮ ಸುಮ್ಮನೆ ಕೇಳಿದ ಒಂದು ಪ್ರಶ್ನೆ. “ಬಚ್ಚಲ ಹಂಡೇಲಿ ಬಿಸಿನೀರು ಯಾವಾಗ್ಲೂ ಮೇಲೇ ಇರ್ತದೆ ಅಲ್ವನೋ? ನಿಮ್ಮನೇಲಿ ಅದ್ಯಾಕೆ ಕೆಳಗೇ ಕೂತಿದೆ?”

ಈ ಮನೆಯ ಪೈಪುಗಳನ್ನು ಹಾಕಿದವರು ಪಂಪನ್ನು ಎಣಿಸಿಯೇ ಇರಲಿಲ್ಲ. ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಹೀಟರಿನಲ್ಲಿ ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರಿ ತಣ್ಣನೆಯ ನೀರು ಕೆಳಗಿಳಿಯುವಂತೆಯೇ ಇಲ್ಲಿಯೂ ನೀರು ತಾನೇ ಸುತ್ತುತ್ತಿತ್ತು. 80 ಡಿಗ್ರಿಯ ನೀರು 60 ಡಿಗ್ರಿಯ ನೀರಿಗಿಂತ ಘನ ಮೀಟರಿಗೆ ಸುಮಾರು 11 ಕಿಲೋಗ್ರಾಂ ಹಗುರ. ಮೂರು ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದರೆ ನೀರನ್ನು ತಳ್ಳುವ ಬಲ ಮೂರೂವರೆ ಸೆಂಟಿಮೀಟರ್ ನೀರಿನ ಕಂಬದಷ್ಟು ಮಾತ್ರ. ನೆಲಮಾಳಿಗೆಯ ಪೈಪುಗಳು ತೋಳಿನಷ್ಟು ದಪ್ಪ ಇರುವುದು ಅಷ್ಟು ಅಲ್ಪ ಬಲಕ್ಕೂ ತಡೆಯಾಗದಿರಲೆಂದು. ಎತ್ತರ ಎರಡರಷ್ಟಾದರೆ ಬಲವೂ ಎರಡರಷ್ಟಾಗುವುದರಿಂದ ಆ ಕಾಲದಲ್ಲಿ ಮಹಡಿಯ ರೇಡಿಯೇಟರುಗಳೇ ಬಿಸಿನೀರನ್ನೆಲ್ಲ ಸೆಳೆದುಕೊಳ್ಳುತ್ತಿದ್ದವು, ಕೆಳಗಿನವು ತಣ್ಣಗುಳಿಯುತ್ತಿದ್ದವು. ಹಾಗಾಗದಂತೆ ಪೈಪು ಹಾಕುವವರು ಮಹಡಿಗೆ ಸಣ್ಣ ಪೈಪು ಕೊಡುತ್ತಿದ್ದರು, ಇಲ್ಲವೇ ರೇಡಿಯೇಟರಿನ ಬಾಯಿಗೆ ತೂತಿನ ಬಿಲ್ಲೆ ಇಟ್ಟು ಹರಿವನ್ನು ತಗ್ಗಿಸುತ್ತಿದ್ದರು. ಮುಂದೆ ಯಾರೋ ಬಾಯ್ಲರ್ ಬದಲಿಸಿ ಪಂಪ್ ಕೂರಿಸಿದ್ದಾರೆ. ಮೂರು ನಾಲ್ಕು ಮೀಟರ್ ನೀರೆತ್ತುವ ಪಂಪಿನ ಎದುರು ಮೂರೂವರೆ ಸೆಂಟಿಮೀಟರಿನ ಸಹಜ ಬಲ ಲೆಕ್ಕಕ್ಕೇ ಬಾರದು. ನೀರು ಅಡ್ಡಿಯಿಲ್ಲದ ಕೆಳಗಿನ ದಾರಿಯಲ್ಲೇ ಸುತ್ತಿ ಮರಳುತ್ತದೆ. ಪಂಪ್ ಇನ್ನೂ ದೊಡ್ಡದಾದರೆ ಎಲ್ಲ ಕಡೆಯ ಹರಿವೂ ಒಟ್ಟಿಗೆ ಹೆಚ್ಚುತ್ತದೆಯೇ ಹೊರತು ಹಂಚಿಕೆ ಬದಲಾಗುವುದಿಲ್ಲ.

ಇದು ಊಹೆಯೋ ನಿಜವೋ ಎಂದು ತಿಳಿಯಲು ಒಂದು ಭಾನುವಾರ ಪಂಪಿನ ವಿದ್ಯುತ್ ಸಂಪರ್ಕ ತೆಗೆಸಿ ಬಾಯ್ಲರನ್ನು ಮಾತ್ರ ಉರಿಸಿದೆ. ನಮ್ಮ ಪೈಪಿನಲ್ಲಿ ನೀರು ತಾನಾಗಿ ಹರಿಯದಂತೆ ತಡೆಯುವ ವಾಲ್ವ್ ಇರಲಿಲ್ಲ, ಉಷ್ಣತೆ 82 ಡಿಗ್ರಿ ಮುಟ್ಟಿದರೆ ಬೆಂಕಿ ಆರಿಸುವ ಸ್ವಿಚ್ ಕೆಲಸ ಮಾಡುತ್ತಿದೆಯೆಂದು ಮೊದಲೇ ಪರೀಕ್ಷಿಸಿದ್ದೆ. ಆದರೂ ಮೂರು ಗಂಟೆ ಅದರ ಮುಂದಿನಿಂದ ಏಳಲಿಲ್ಲ. ನಿಂತ ಪಂಪಿನ ಮೂಲಕವೇ ನೀರು ನುಸುಳಬೇಕಾಗಿದ್ದರಿಂದ ಎಲ್ಲವೂ ನಿಧಾನ. ಮೂರನೆಯ ಗಂಟೆಯ ಕೊನೆಗೆ ಮಹಡಿಯ ರೇಡಿಯೇಟರುಗಳು ಕೆಳಗಿನವುಗಳಿಗಿಂತ ಬಿಸಿಯಾಗಿದ್ದವು.

ಸರಿಪಡಿಸುವಾಗ ನಾನು ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ: ಪಂಪಿನ ಮೂರು ವೇಗಗಳಲ್ಲಿ ಅತಿ ಕಡಿಮೆಯದಕ್ಕೆ ಇಳಿಸಿದೆ. ಪಂಪಿನ ಜೋರು ತಗ್ಗಿದಷ್ಟೂ ನೀರಿನ ಸಹಜ ಏರಿಕೆಗೆ ಬೆಲೆ ಬರುತ್ತದೆ. ಮಹಡಿಗೆ ಎರಡು ಡಿಗ್ರಿ ಸಿಕ್ಕಿತು. ಬಳಿಕ ಕೆಳಗಿನ ರೇಡಿಯೇಟರುಗಳ ವಾಲ್ವುಗಳನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತ ಬಂದೆ. ಇಲ್ಲಿ ತಾಳ್ಮೆ ಬೇಕು, ಏಕೆಂದರೆ ಇಷ್ಟು ಕಬ್ಬಿಣ ಮತ್ತು ನೀರು ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಗಂಟೆಗೊಮ್ಮೆ ತಿರುಗಿಸಿ ನಾನು ಒಂದು ವಾರವನ್ನೇ ಹಾಳುಮಾಡಿಕೊಂಡೆ. ದಿನಕ್ಕೆ ಒಂದೇ ವಾಲ್ವ್, ಪಕ್ಕದಲ್ಲಿ ಬರೆದಿಟ್ಟ ಅಳತೆ ಎಂದು ನಿಯಮ ಮಾಡಿಕೊಂಡ ಮೇಲೆ ಚಿತ್ರ ಸ್ಪಷ್ಟವಾಯಿತು. ಈ ಹಳೆಯ ವಾಲ್ವುಗಳು ಮುಕ್ಕಾಲು ಪಾಲು ಮುಚ್ಚಿದರೂ ಸಾಕಷ್ಟು ನೀರು ಬಿಡುತ್ತವೆ, ವ್ಯತ್ಯಾಸವೆಲ್ಲ ಕೊನೆಯ ಚೂರಿನಲ್ಲಿದೆ. ನೂರು ವರ್ಷ ಕದಲದ ವಾಲ್ವನ್ನು ತಿರುಗಿಸಿದರೆ ಅದರ ಕತ್ತಿನ ಬಳಿ ನೀರು ಜಿನುಗತೊಡಗುವುದೂ ಉಂಟು. ನಮ್ಮಲ್ಲಿ ಎರಡು ಹಾಗಾದವು, ಒಂದು ನಟ್ ಬಿಗಿದ ಮೇಲೆ ನಿಂತಿತು, ಇನ್ನೊಂದಕ್ಕೆ ಗ್ರಾಫೈಟ್ ದಾರ ಸುತ್ತಬೇಕಾಯಿತು.

ಇಷ್ಟರಿಂದ ಮಹಡಿ 19 ಡಿಗ್ರಿಗೆ ಬಂತು, ಉತ್ತರದ ಕೋಣೆ 17ಕ್ಕೆ ನಿಂತಿತು. ಮಹಡಿಯ ರೇಡಿಯೇಟರುಗಳ ಬಾಯಿಗೆ ಇಟ್ಟ ಬಿಲ್ಲೆ ತೆಗೆಯದೆ ಗತಿಯಿರಲಿಲ್ಲ, ಆದರೆ ಅದಕ್ಕೆ ನೀರನ್ನು ಇಳಿಸಬೇಕು. ಹಳೆಯ ಕಪ್ಪು ನೀರಿನಲ್ಲಿ ಆಮ್ಲಜನಕ ಉಳಿದಿರುವುದಿಲ್ಲ, ಹೊಸ ನೀರು ತುಂಬಿದಾಗಲೆಲ್ಲ ಒಂದಿಷ್ಟು ತುಕ್ಕನ್ನು ಬರಮಾಡಿಕೊಂಡಂತೆ. ಹಾಗಾಗಿ ಏಪ್ರಿಲ್‌ವರೆಗೆ ಕಾದು ಎಲ್ಲವನ್ನೂ ಒಂದೇ ಸಲ ಮಾಡಿದೆ. ಉತ್ತರದ ಕೋಣೆಯ ವಾಲ್ವನ್ನು ರೇಡಿಯೇಟರಿಗೆ ಸೇರಿಸುವ ಯೂನಿಯನ್ ಎಂಬ ತಿರುಪು ಜೋಡಣೆಯನ್ನು ಬಿಚ್ಚಿದಾಗ ಬಿಲ್ಲೆ ಅಲ್ಲೇ ಕೂತಿತ್ತು, ನಾಣ್ಯದಷ್ಟು ತೆಳುವಾದ ತಗಡು, ನಡುವೆ ಕಿರುಬೆರಳೂ ತೂರದ ತೂತು. ಅದನ್ನು ಪೂರ್ತಿ ತೆಗೆದೆ. ಉಳಿದ ನಾಲ್ಕರ ಬಿಲ್ಲೆಗಳನ್ನು ತೆಗೆದುಬಿಟ್ಟರೆ ಸಮಸ್ಯೆ ತಲೆಕೆಳಗಾದೀತೆಂಬ ಭಯದಿಂದ ಡ್ರಿಲ್ಲಿನಲ್ಲಿ ತೂತನ್ನು 12 ಮಿಲಿಮೀಟರಿಗೆ ಹಿಗ್ಗಿಸಿ ಮರಳಿ ಕೂರಿಸಿದೆ.

ಮುಂದಿನ ಜನವರಿಯಲ್ಲಿ ಹಜಾರ 21, ಉತ್ತರದ ಕೋಣೆ 20. ಮಹಡಿಯ ರೇಡಿಯೇಟರುಗಳಿಂದ ನೀರು ಈಗ 50ರ ಆಸುಪಾಸಿನಲ್ಲಿ ಮರಳುತ್ತದೆ. ಮಹಡಿಯ ಬಚ್ಚಲುಮನೆಯ ರೇಡಿಯೇಟರ್ ಮಾತ್ರ ಉಳಿದವುಗಳಿಗಿಂತ ಇಪ್ಪತ್ತು ನಿಮಿಷ ತಡವಾಗಿ ಬಿಸಿಯಾಗುತ್ತದೆ, ಅದರ ಪೈಪು ಹೊರಗೋಡೆಯೊಳಗೆ ಹಾದು ಬರುವುದರಿಂದ ಗೋಡೆ ಒಡೆಯದೆ ಅದಕ್ಕೆ ಏನನ್ನೂ ಮಾಡುವಂತಿಲ್ಲ.