ಚಿಕ್ಕ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ವಾಲ್ವ್: ನನ್ನ ಅನುಭವ

ನಮ್ಮ ತೋಟದ ಚಿಕ್ಕ ಟ್ರ್ಯಾಕ್ಟರಿನ ಮುಂಭಾಗಕ್ಕೆ ಲೋಡರ್ ಜೋಡಿಸಲು ಎರಡು ಲಿವರಿನ ಕಂಟ್ರೋಲ್ ವಾಲ್ವ್ ಹಾಕಿಸಿದ ದಿನವೇ ಹಿಂಬದಿಯ ಲಿಫ್ಟ್ (ಉಪಕರಣ ಎತ್ತುವ ತೋಳುಗಳು) ಏಳದಾಯಿತು. ಗೇರ್ ಪಂಪು ಎಣ್ಣೆಯನ್ನು ಸದಾ ಹರಿಸುತ್ತಲೇ ಇರುವುದರಿಂದ ಓಪನ್ ಸೆಂಟರ್ ವಾಲ್ವೇ (ಲಿವರು ನಡುವೆ ಇದ್ದಾಗಲೂ ಎಣ್ಣೆಗೆ ದಾರಿ ತೆರೆದಿಡುವಂಥದ್ದು) ಬೇಕೆಂಬುದನ್ನು ಗಮನಿಸಿದ್ದೆ; ಆದರೆ ಲಿವರುಗಳು ನಡುವೆ ನಿಂತಾಗ ಆ ಎಣ್ಣೆ ಲಿಫ್ಟಿಗೆ ಹೋಗದೆ ನೇರವಾಗಿ ಟ್ಯಾಂಕಿಗೆ ಮರಳುತ್ತಿತ್ತು. ಟ್ಯಾಂಕ್ ಪೋರ್ಟಿನ ಪೈಪನ್ನೇ ಲಿಫ್ಟಿಗೆ ತಿರುಗಿಸೋಣವೆಂದು ಮೆಕ್ಯಾನಿಕ್ ಹೇಳಿದರೂ ನಾನು ಒಪ್ಪಲಿಲ್ಲ, ಏಕೆಂದರೆ ಆ ದಾರಿ ಕಡಿಮೆ ಒತ್ತಡಕ್ಕಷ್ಟೇ ಮಾಡಿದ್ದು, ಲಿಫ್ಟ್ ಭಾರ ಎತ್ತುವಾಗ ಸೀಲು ಕಿತ್ತುಹೋಗಬಹುದು ಅಥವಾ ವಾಲ್ವಿನ ಬಾಡಿಯೇ ಬಿರಿಯಬಹುದು.

ವಾಲ್ವಿನ ಕೊನೆಯ ಪ್ಲಗ್ ಬಿಚ್ಚಿ, ಅದೇ ಮಾದರಿಗೆಂದು ಸಿಗುವ ಪವರ್ ಬಿಯಾಂಡ್ ಸ್ಲೀವ್ (ಪಂಪಿನ ಎಣ್ಣೆಯನ್ನು ಟ್ಯಾಂಕಿನ ದಾರಿಯಿಂದ ಬೇರ್ಪಡಿಸಿ ಒತ್ತಡದೊಂದಿಗೆ ಮುಂದಕ್ಕೆ ಕಳಿಸುವ ತುಂಡು) ಕೂರಿಸಿ, ಅಲ್ಲಿಂದ ಲಿಫ್ಟಿಗೆ ಒಂದು ಪೈಪು, ಟ್ಯಾಂಕಿಗೆ ಪ್ರತ್ಯೇಕ ಪೈಪು ಎಳೆದ ಮೇಲೆ ಎರಡೂ ಸರಿಯಾಗಿ ಕೆಲಸ ಮಾಡಿದವು. ಬೂಮ್ (ಲೋಡರಿನ ತೋಳು) ಲಿವರಿಗೆ, ತೋಳನ್ನು ಸಡಿಲವಾಗಿ ಬಿಡುವ ಫ್ಲೋಟ್ ಸ್ಥಾನವಿರುವ ವಾಲ್ವನ್ನು ಆರಿಸಿದ್ದರಿಂದ, ಗೊಬ್ಬರ ಬಳಿಯುವಾಗ ಬಕೆಟ್ ನೆಲದ ಏರಿಳಿತವನ್ನು ತಾನಾಗಿಯೇ ಅನುಸರಿಸುತ್ತದೆ.