ಕೇಳಿದ ಪ್ರಶ್ನೆಯ ಹಿಂದಿನ ಪ್ರಶ್ನೆ

ವೃತ್ತಿಯ ಮೊದಲ ನಾಲ್ಕು ವರ್ಷ ನಾನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ರೆಫರೆನ್ಸ್ ಡೆಸ್ಕಿನಲ್ಲಿ, ಅಂದರೆ ಓದುಗರು ಪ್ರಶ್ನೆ ಕೇಳಲು ಬರುವ ಮೇಜಿನಲ್ಲಿ, ಕೂತಿದ್ದೆ. ಆಮೇಲೆ ಪಾಠ ಹೇಳಲು ಹೋದೆ. ಮಾಹಿತಿ ವಿಜ್ಞಾನ ವಿಭಾಗದ ಮುಖ್ಯಸ್ಥೆಯಾದೆ, ಡೀನ್ ಆದೆ, ಕೊನೆಗೆ ಒಂದು ಅವಧಿಗೆ ಕುಲಪತಿಯೂ ಆದೆ. ಈಗ ನಿವೃತ್ತಿಯಾಗಿದೆ. "ಮೇಡಂ, ಆಡಳಿತಕ್ಕೆ ಬರಬೇಕು ಅಂದ್ರೆ ಏನು ಕಲೀಬೇಕು?" ಅಂತ ಕಿರಿಯ ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ನಾನು ಪ್ರತಿ ಸಲವೂ ಆ ಡೆಸ್ಕಿನ ಮಾತನ್ನೇ ಎತ್ತುತ್ತೇನೆ. ನನಗೆ ಆಡಳಿತ ಕಲಿಸಿದ್ದು ಅದೇ.

ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಒಬ್ಬ ಸಂಶೋಧನಾ ವಿದ್ಯಾರ್ಥಿ ಬಂದು, "ಸಂಖ್ಯಾಶಾಸ್ತ್ರದ ಪುಸ್ತಕಗಳು ಎಲ್ಲಿವೆ?" ಅಂತ ಕೇಳಿದ. ಕಪಾಟು ತೋರಿಸಿದೆ. ಅರ್ಧ ಗಂಟೆ ಬಿಟ್ಟು ಬರಿಗೈಲಿ ಹೊರಟುಹೋದ. ಮಾರನೇ ದಿನ ಮತ್ತೆ ಬಂದ, ಮತ್ತೆ ಅದೇ ಕಪಾಟು. ಮೂರನೇ ದಿನ ನಮ್ಮ ಹಿರಿಯ ಗ್ರಂಥಪಾಲಕರು ಅವನನ್ನು ಕರೆದು, ಪಕ್ಕಕ್ಕೆ ಕುರ್ಚಿ ಎಳೆದು ಕೂರಿಸಿಕೊಂಡರು. "ಏನು ಬರೀತಾ ಇದ್ದೀಯಪ್ಪ?" ಅಂದರು. ಅವನು ಚೀಲದಿಂದ ಒಂದು ಹಾಳೆ ತೆಗೆದ. ಮೂವತ್ತು ಜನರ ರಕ್ತದೊತ್ತಡದ ಲೆಕ್ಕ. ಒಂದು ಕಾಲಮ್ಮಿನಲ್ಲಿ ಚಿಕಿತ್ಸೆಗೆ ಮುಂಚಿನದು, ಇನ್ನೊಂದರಲ್ಲಿ ಆಮೇಲಿನದು. ಈ ವ್ಯತ್ಯಾಸ ನಿಜವಾದದ್ದೋ, ಸುಮ್ನೆ ಆಕಸ್ಮಿಕವೋ ಅಂತ ಹೇಳುವುದು ಹೇಗೆ ಅನ್ನುವುದು ಅವನ ಪ್ರಶ್ನೆ. ಅವನಿಗೆ ಬೇಕಿದ್ದದ್ದು ಪೇರ್ಡ್ ಟಿ-ಟೆಸ್ಟ್ ಬಗೆಗಿನ ಹತ್ತು ಪುಟ ಅಷ್ಟೇ. ನಾನು ಅವನ ಮುಂದೆ ಮುನ್ನೂರು ಪುಸ್ತಕ ಇಟ್ಟಿದ್ದೆ.

ರಾಬರ್ಟ್ ಟೇಲರ್ ಅನ್ನುವ ವಿದ್ವಾಂಸರು 1968ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಅವರ ಪ್ರಕಾರ ಪ್ರಶ್ನೆ ನಾಲ್ಕು ಹಂತ ದಾಟಿ ಬರುತ್ತದೆ. ಮೊದಲು ಮಾತಿಗೆ ಸಿಗದ ಒಂದು ಕಸಿವಿಸಿ. ಆಮೇಲೆ ಮನಸ್ಸಿನಲ್ಲಿ ಅರ್ಧಂಬರ್ಧ ಮೂಡಿದ ವಿವರ. ಆಮೇಲೆ ನೆಟ್ಟಗೆ ಹೇಳಬಲ್ಲ ಪ್ರಶ್ನೆ. ಕೊನೆಗೆ, 'ಇಲ್ಲಿ ಏನು ಸಿಗಬಹುದು' ಅಂತ ತಾನೇ ಅಂದಾಜು ಮಾಡಿಕೊಂಡು, ಅದಕ್ಕೆ ತಕ್ಕ ಹಾಗೆ ಕತ್ತರಿಸಿ ತಂದ ಪ್ರಶ್ನೆ. ಡೆಸ್ಕಿಗೆ ಬರುವುದು ಈ ನಾಲ್ಕನೆಯದು. ಅಲ್ಲಿಂದ ಹಿಂದಕ್ಕೆ ನಡೆದು ಹೋಗುವುದೇ ನಮ್ಮ ಕೆಲಸ. ಟೇಲರ್ ಮುಂದೆ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಡೀನ್ ಆದರು. ಅವರ ಕಾಲದಲ್ಲೇ, 1974ರಲ್ಲಿ, ಅಲ್ಲಿನ ಗ್ರಂಥಾಲಯ ವಿಜ್ಞಾನ ಶಾಲೆಯ ಹೆಸರು ಮಾಹಿತಿ ಅಧ್ಯಯನ ಶಾಲೆ ಅಂತ ಬದಲಾಯಿತು. ಡೆಸ್ಕಿನ ಮುಂದೆ ನಿಂತವರ ಮನಸ್ಸನ್ನು ಇಷ್ಟು ಹತ್ತಿರದಿಂದ ನೋಡಿದವರೊಬ್ಬರು ಒಂದು ಶಾಲೆಯನ್ನೇ ತಿದ್ದಿ ಕಟ್ಟಿದರು ಅನ್ನುವುದು ನನಗೆ ಆಗ ತುಂಬ ಧೈರ್ಯ ಕೊಟ್ಟಿತ್ತು.

ಪಿಎಚ್‌ಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಡುಕಾಟ ವ್ಯವಸ್ಥೆಗಳನ್ನು ಅಳೆಯುವುದು ನನ್ನ ವಿಷಯ. ಸಿರಿಲ್ ಕ್ಲೆವರ್ಡನ್ ಅನ್ನುವ ಗ್ರಂಥಪಾಲಕರು ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ನಡೆಸಿದ ಪ್ರಯೋಗಗಳಿಂದ ಬೆಳೆದು ಬಂದ ದಾರಿ ಅದು. ಅಲ್ಲಿ ಎರಡು ಅಳತೆ ಮುಖ್ಯ. ಬೇಕಾದದ್ದರಲ್ಲಿ ಎಷ್ಟು ಸಿಕ್ಕಿತು ಅನ್ನುವುದು ರೀಕಾಲ್. ಸಿಕ್ಕಿದ್ದರಲ್ಲಿ ಎಷ್ಟು ಬೇಕಾದದ್ದು ಅನ್ನುವುದು ಪ್ರಿಸಿಷನ್. ಒಂದನ್ನು ಬಿಗಿ ಮಾಡಿದರೆ ಸಾಮಾನ್ಯವಾಗಿ ಇನ್ನೊಂದು ಸಡಿಲವಾಗುತ್ತದೆ. ಇದು ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ನೇಮಕಾತಿಯಲ್ಲಿ. ಅರ್ಜಿ ಸೋಸುವಾಗ ಷರತ್ತು ಹೆಚ್ಚಿಸಿದಷ್ಟೂ ಉಳಿದ ಪಟ್ಟಿ ಅಚ್ಚುಕಟ್ಟಾಗಿ ಕಾಣುತ್ತದೆ. ಬಿಟ್ಟುಹೋದವರು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ನಾನಿದ್ದ ಪ್ರತಿ ಸಮಿತಿಯಲ್ಲೂ ತಿರಸ್ಕರಿಸಿದ ಅರ್ಜಿಗಳಿಂದ ಇಪ್ಪತ್ತನ್ನು ಚೀಟಿ ಎತ್ತಿ ತೆಗೆದು ಮತ್ತೆ ಓದಿಸುತ್ತಿದ್ದೆ. ಹಾಗೆ ಮತ್ತೆ ಓದಿದಾಗ ಸಿಕ್ಕವರಲ್ಲಿ ಇಬ್ಬರು ಇವತ್ತು ಒಳ್ಳೆಯ ಪ್ರಾಧ್ಯಾಪಕರು.

ವಿಭಾಗದ ಮುಖ್ಯಸ್ಥೆಯಾಗಿದ್ದ ದಿನಗಳು ಹೆಚ್ಚಾಗಿ ಪಠ್ಯಕ್ರಮದ ಜಗಳದಲ್ಲೇ ಕಳೆದವು. ಒಂದು ಕಡೆ ವರ್ಗೀಕರಣ, ಸೂಚೀಕರಣ ಕಲಿಸುವವರು. ಇನ್ನೊಂದು ಕಡೆ ಪ್ರೋಗ್ರಾಮಿಂಗ್, ಡೇಟಾಬೇಸ್ ಬೇಕು ಅನ್ನುವವರು. ಎಸ್. ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಗ್ರಂಥಪಾಲಕರಾದರು ಅನ್ನುವುದನ್ನು ಎರಡೂ ಕಡೆಯವರಿಗೆ ನೆನಪಿಸುತ್ತಿದ್ದೆ. ಒಂದು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ ನೋಡುವುದನ್ನು ಅವರ ಕೋಲನ್ ವರ್ಗೀಕರಣ 1933ರಲ್ಲೇ ಕಲಿಸಿತ್ತು. ಇವತ್ತು ವೆಬ್‌ಸೈಟುಗಳಲ್ಲಿ ಬಣ್ಣ, ಅಳತೆ, ವರ್ಷ ಅಂತ ಒಂದೊಂದಾಗಿ ಆರಿಸಿ ಹುಡುಕುತ್ತೇವಲ್ವಾ, ಅದೂ ಇದೇ ಯೋಚನೆ. ಕೊನೆಗೆ ಎರಡೂ ಕಡೆಯವರನ್ನು ಜೋಡಿ ಮಾಡಿ ಒಂದೇ ತರಗತಿಯಲ್ಲಿ ಪಾಠ ಮಾಡಿಸಿದೆ. ಮೊದಲ ಸೆಮಿಸ್ಟರ್ ಕಷ್ಟವಾಯಿತು, ಎರಡನೆಯದು ಪರವಾಗಿಲ್ಲ.

ಡೀನ್ ಆದ ವರ್ಷವೇ ನಿಯತಕಾಲಿಕೆಗಳ ಅನುದಾನ ಕಡಿಮೆಯಾಯಿತು. ಐದರಲ್ಲಿ ಒಂದು ಭಾಗ ಚಂದಾ ನಿಲ್ಲಿಸಬೇಕು. ನನ್ನ ಬಳಿ ಪ್ರತಿ ಪತ್ರಿಕೆಯ ಡೌನ್‌ಲೋಡ್ ಲೆಕ್ಕ ಇತ್ತು. ಚಂದಾವನ್ನು ಡೌನ್‌ಲೋಡಿನಿಂದ ಭಾಗಿಸಿ, ದುಬಾರಿಯಾದವನ್ನು ಕೆಳಗಿನಿಂದ ಕತ್ತರಿಸುತ್ತ ಹೋದರೆ ಒಂದು ಮಧ್ಯಾಹ್ನದ ಕೆಲಸ. ಸಂಗ್ರಹದ ದೊಡ್ಡ ಪಾಲು ಓದುಗರಿಲ್ಲದೆ ಕೂರುತ್ತದೆ ಅನ್ನುವುದು ನಮ್ಮ ಕ್ಷೇತ್ರದಲ್ಲಿ ಹಳೆಯ ಸತ್ಯ. 1979ರಲ್ಲಿ ಹೊರಬಂದ ಪಿಟ್ಸ್‌ಬರ್ಗ್ ಅಧ್ಯಯನದಲ್ಲಿ, ಆ ವಿಶ್ವವಿದ್ಯಾಲಯ 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಸುಮಾರು 40% ಮೊದಲ ಆರು ವರ್ಷದಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ.

ಆದರೆ ಆರು ಜನರ ವಿಭಾಗದ ಪತ್ರಿಕೆಗೆ ಅರವತ್ತು ಜನರ ವಿಭಾಗದಷ್ಟು ಡೌನ್‌ಲೋಡ್ ಎಲ್ಲಿಂದ ಬರಬೇಕು? ಆ ಕೋಷ್ಟಕವನ್ನೇ ನಂಬಿದ್ದರೆ ಚಿಕ್ಕ ವಿಷಯಗಳೆಲ್ಲ ಒಂದೇ ವರ್ಷದಲ್ಲಿ ಸೊರಗುತ್ತಿದ್ದವು. ಹಾಗಾಗಿ ಪಟ್ಟಿ ಹಿಡಿದು ವಿಭಾಗದಿಂದ ವಿಭಾಗಕ್ಕೆ ನಡೆದೆ. 'ಇದು ಬೇಕಾ?' ಅಂತ ಎಲ್ಲೂ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲವೂ ಬೇಕು ಅಂತಲೇ ಉತ್ತರ ಬರುತ್ತದೆ. "ಇದು ನಿಂತರೆ ಸೋಮವಾರ ನಿಮ್ಮ ಯಾವ ಕೆಲಸ ನಿಲ್ಲುತ್ತೆ?" ಅಂತ ಕೇಳಿದೆ. ಬಂದ ಉತ್ತರಗಳು ಬೇರೆಯೇ ಇದ್ದವು. ಒಬ್ಬರಿಗೆ ಬೇಕಿದ್ದದ್ದು ಹೊಸ ಸಂಚಿಕೆಗಳಲ್ಲ, ಇಪ್ಪತ್ತು ವರ್ಷ ಹಿಂದಿನವು. ಅವನ್ನು ಒಂದೇ ಸಲ ಕೊಂಡುಕೊಂಡೆವು. ಇನ್ನೊಬ್ಬರಿಗೆ ವರ್ಷಕ್ಕೆ ನಾಲ್ಕು ಲೇಖನ ಸಾಕು. ಬೇರೆ ಗ್ರಂಥಾಲಯದಿಂದ ತರಿಸಿಕೊಟ್ಟೆವು. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ವಿದ್ಯಾರ್ಥಿನಿಯ ಇಡೀ ಪ್ರಬಂಧ ಇದರ ಮೇಲೆ ನಿಂತಿದೆ" ಅಂದರು. ವರ್ಷಕ್ಕೆ ಹನ್ನೊಂದೇ ಡೌನ್‌ಲೋಡ್ ಇದ್ದ ಆ ಪತ್ರಿಕೆಯನ್ನು ಉಳಿಸಿಕೊಂಡೆವು. ಒಂದು ತಿಂಗಳು ಹಿಡಿಯಿತು. ಗುರಿ ಮುಟ್ಟಿದೆವು, ಒಂದು ದೂರು ಪತ್ರವೂ ಬರಲಿಲ್ಲ.

ಅದೇ ಅವಧಿಯಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಬಡ್ತಿಗೆ ಅಂಕಗಳ ಪದ್ಧತಿ ತರಬೇಕು ಅಂತ ಸಮಿತಿ ಹೇಳಿತು. ಲೇಖನ ಬಂದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟೋ ಅಷ್ಟು ಅಂಕ. ನಾನು ಸಹಿ ಹಾಕಿದೆ. ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಅಂತ ವರ್ಷಗಟ್ಟಲೆ ತರಗತಿಯಲ್ಲಿ ಹೇಳಿಕೊಟ್ಟವಳು ನಾನೇ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು, ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಸರಾಸರಿ ಅದು. ಅದು ಪತ್ರಿಕೆಯ ಅಳತೆ. ಕೆಲವೇ ಲೇಖನಗಳು ಹೆಚ್ಚಿನ ಉಲ್ಲೇಖಗಳನ್ನು ಬಾಚಿಕೊಳ್ಳುವುದರಿಂದ, ಒಂದು ಲೇಖನ ಹೇಗಿದೆ ಅಂತ ಅದು ಹೇಳುವುದೇ ಇಲ್ಲ. ಗೊತ್ತಿದ್ದೂ ಒಪ್ಪಿದೆ. ಸಮಿತಿಯಲ್ಲಿ ಸುಲಭವಾಗಿ ಒಮ್ಮತ ಬರುತ್ತದೆ ಅನ್ನುವುದೇ ಕಾರಣ.

ಎರಡು ವರ್ಷದಲ್ಲಿ ಪರಿಣಾಮ ಕಂಡಿತು. ಒಂದು ಲೇಖನವಾಗಬೇಕಿದ್ದದ್ದು ಮೂರು ತುಂಡಾಗಿ ಬರತೊಡಗಿತು. ಹನ್ನೆರಡು ವರ್ಷ ಕೂತು ಒಂದು ವಿಷಯದ ದತ್ತಾಂಶ ಕಟ್ಟಿದ ಸಹೋದ್ಯೋಗಿಯೊಬ್ಬರಿಗೆ ಆ ಕೆಲಸಕ್ಕೆ ಸಿಕ್ಕ ಅಂಕ ಸೊನ್ನೆ. ಅವರ ಅರ್ಜಿ ನನ್ನ ಮೇಜಿಗೇ ಬಂತು. ಎಷ್ಟೋ ಜನರ ಸಂಶೋಧನೆ ಆ ದತ್ತಾಂಶದ ಮೇಲೆ ನಿಂತಿತ್ತು. ಅವರನ್ನು ಕರೆದು, 'ತಪ್ಪು ನನ್ನದು' ಅಂತ ಹೇಳಿದೆ. ವಿಭಾಗದ ಸಭೆಯಲ್ಲೂ ಅದನ್ನೇ ಹೇಳಿದೆ. ಡಿಸೆಂಬರ್ 2012ರ ಸ್ಯಾನ್ ಫ್ರಾನ್ಸಿಸ್ಕೊ ಸಭೆಯಿಂದ ಹುಟ್ಟಿದ, ಸಂಶೋಧನೆಯನ್ನು ಅಳೆಯುವ ಬಗೆಗಿನ ಡೋರಾ ಘೋಷಣೆಯೂ ಇದನ್ನೇ ಹೇಳುತ್ತದೆ: ಪತ್ರಿಕೆಯ ಅಳತೆಯಿಂದ ವ್ಯಕ್ತಿಯ ಕೆಲಸವನ್ನು ಅಳೆಯಬೇಡಿ. ಪದ್ಧತಿ ಬದಲಾಯಿಸಿದೆವು. ಅರ್ಜಿದಾರರು ತಾವೇ ಐದು ಕೆಲಸ ಆರಿಸಿ, ಒಂದೊಂದಕ್ಕೂ ಒಂದು ಪುಟದ ವಿವರ ಬರೆದು ಕೊಡಬೇಕು. ದತ್ತಾಂಶ, ಸಾಫ್ಟ್‌ವೇರ್, ಪಠ್ಯಪುಸ್ತಕ, ಏನಾದರೂ ಸರಿ. ಸಮಿತಿಯವರು ಅದನ್ನು ಓದಲೇಬೇಕು. ಓದುವುದಕ್ಕೆ ಸಮಯ ಜಾಸ್ತಿ ಬೇಕು ಅನ್ನುವುದೊಂದೇ ಆಕ್ಷೇಪ ಬಂದದ್ದು. ಒಬ್ಬರ ಜೀವಮಾನದ ಕೆಲಸಕ್ಕೆ ಅಷ್ಟು ಸಮಯ ಕೊಡಲೇಬೇಕು ಅಂತ ನಾನು ಪಟ್ಟು ಹಿಡಿದೆ.

ಕುಲಪತಿ ಆದಮೇಲೆ ಕಷ್ಟ ಬೇರೆ ಥರದ್ದು. ಆ ಕುರ್ಚಿಯಲ್ಲಿ ಕೂತವರ ಬಳಿಗೆ ಸುದ್ದಿ ಬರುವ ಹೊತ್ತಿಗೆ ಸಾಣೆ ಹಿಡಿದು ನುಣುಪಾಗಿರುತ್ತದೆ. ಒಂದು ಅಹವಾಲು ಗುಮಾಸ್ತರಿಂದ ಸೂಪರಿಂಟೆಂಡೆಂಟ್, ಅಲ್ಲಿಂದ ಕುಲಸಚಿವರು ಅಂತ ಮೇಲೆ ಬರುತ್ತ ಪ್ರತಿ ಟಿಪ್ಪಣಿಯಲ್ಲೂ ಒಂದೊಂದು ಸಾಲು ಕಳೆದುಕೊಳ್ಳುತ್ತದೆ. ನನ್ನ ಮುಂದೆ ಬರುವಾಗ 'ನಿಯಮದಂತೆ ಕ್ರಮ ಕೈಗೊಳ್ಳಬಹುದು' ಅಂತಷ್ಟೇ ಇರುತ್ತದೆ. ಯಾರೂ ಕೆಟ್ಟವರಲ್ಲ. ಮಾಹಿತಿ ಹುಡುಕಾಟದ ವಿಜ್ಞಾನಿ ಕ್ಯಾಲ್ವಿನ್ ಮೂರ್ಸ್ 1959ರಲ್ಲಿ ಹೇಳಿದ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಮಾಹಿತಿ ಕೈಲಿಲ್ಲದಿರುವುದಕ್ಕಿಂತ ಕೈಲಿರುವುದೇ ಹೆಚ್ಚು ತೊಂದರೆ ಅನ್ನಿಸಿದಾಗ, ಜನ ಮಾಹಿತಿ ವ್ಯವಸ್ಥೆಯನ್ನು ಬಳಸುವುದಿಲ್ಲ. ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ, ಅಲ್ವಾ?

ನಾನು ಮಾಡಿದ್ದು ಒಂದು ಹಳೆಯ ಗ್ರಂಥಾಲಯದ ಅಭ್ಯಾಸ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಜನ ಹುಡುಕಿ ಏನೂ ಸಿಗದೇ ಹೋದ ಪದಗಳ ಪಟ್ಟಿಯನ್ನು ಪ್ರತಿ ಶುಕ್ರವಾರ ಮುದ್ರಿಸಿ ತರಲು ಹೇಳಿದೆ. ಹುಡುಕಿದವರು ಯಾರು ಅನ್ನುವುದು ಅದರಲ್ಲಿ ಇರಬಾರದು ಅಂತ ಮೊದಲೇ ಕಟ್ಟಪ್ಪಣೆ ಮಾಡಿದ್ದೆ. ಓದುಗ ಏನು ಓದುತ್ತಾನೆ ಅನ್ನುವುದು ಓದುಗನ ಗುಟ್ಟು. ಗ್ರಂಥಪಾಲಕರು ಅದನ್ನು ಕಾಯಬೇಕು, ಕುಲಪತಿಯಾದರೂ ಅಷ್ಟೇ.

ಮೊದಲ ಪಟ್ಟಿ ನೋಡಿ ಬೇಸರವಾಯಿತು. ವಿದ್ಯಾರ್ಥಿಗಳು 'ಮರುಮೌಲ್ಯಮಾಪನ' ಅಂತ ಹುಡುಕುತ್ತಿದ್ದರು. ನಮ್ಮ ಪುಟದಲ್ಲಿ ಇದ್ದದ್ದು 'ಉತ್ತರ ಪತ್ರಿಕೆ ಪುನರ್‌ಪರಿಶೀಲನಾ ಅರ್ಜಿ'. ಅವರು 'ಡಿಪಾಸಿಟ್ ವಾಪಸ್' ಅಂತ ಹುಡುಕಿದರೆ ನಾವು 'ಮುಂಗಡ ಠೇವಣಿ ಮರುಪಾವತಿ' ಅಂತ ಬರೆದಿದ್ದೆವು. ಹಳೆಯ ಕಾರ್ಡ್ ಕ್ಯಾಟಲಾಗಿನಲ್ಲಿ ಇದಕ್ಕೆ ಒಂದು ಪುಟ್ಟ ಉಪಾಯ ಇತ್ತು. ಓದುಗರು ಬಳಸುವ ಪದಕ್ಕೂ ಒಂದು ಕಾರ್ಡ್ ಬರೆದು, ಅದರಲ್ಲಿ 'ಇದನ್ನು ನೋಡಿ' ಅಂತ ದಾರಿ ತೋರಿಸುವುದು. ಅದನ್ನೇ ಮಾಡಿಸಿದೆ. ಇಬ್ಬರು ಗ್ರಂಥಾಲಯ ಸಿಬ್ಬಂದಿ ಮೂರು ವಾರದಲ್ಲಿ ನಾನೂರಕ್ಕೂ ಹೆಚ್ಚು ಪದಗಳಿಗೆ ದಾರಿ ಹಾಕಿದರು. ವಿಚಾರಣಾ ಕೌಂಟರಿನ ಮುಂದಿನ ಸಾಲು ಕಣ್ಣಿಗೆ ಕಾಣುವಷ್ಟು ಚಿಕ್ಕದಾಯಿತು. 'ಓದುಗರ ಸಮಯ ಉಳಿಸಿ' ಅನ್ನುವುದು ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅದು ಕೌಂಟರಿನ ಮುಂದೆ ನಿಂತವರಿಗೂ ಸಲ್ಲಬೇಕು ತಾನೆ?

ಎರಡನೇ ವರ್ಷ ಪಟ್ಟಿಯಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. 'ಕೋರ್ಸ್ ಬಿಡುವುದು ಹೇಗೆ'. ಒಂದು ವಾರದಲ್ಲಿ ಐವತ್ತಮೂರು ಸಲ. ಹಿಂದಿನ ವರ್ಷದ ಹಾಳೆಗಳನ್ನು ತೆಗೆಸಿದೆ. ಆಗಲೂ ಹೆಚ್ಚುಕಡಿಮೆ ಅದೇ ವಾರ, ಅದೇ ಮಾತು. ಕಚೇರಿಯವರು, "ವರ್ಗಾವಣೆ ಪ್ರಮಾಣಪತ್ರದ ಪುಟಕ್ಕೆ ದಾರಿ ಹಾಕಿಬಿಡೋಣ ಮೇಡಂ" ಅಂದರು. ಕಪಾಟು ತೋರಿಸಿದ ಹಾಗೆ. ನಾನು ಬೇಡ ಅಂದೆ. ವಿಭಾಗಗಳ ತರಗತಿ ಪ್ರತಿನಿಧಿಗಳನ್ನು ಕರೆಸಿ, ಕುರ್ಚಿ ಹಾಕಿಸಿ, "ಆ ವಾರ ಏನಾಗುತ್ತೆ?" ಅಂತ ಕೇಳಿದೆ. ಒಬ್ಬಳು ಹೇಳಿದಳು: ಎರಡನೇ ಕಂತಿನ ಶುಲ್ಕಕ್ಕೆ ಅದೇ ಕೊನೆಯ ವಾರ. ವಿದ್ಯಾರ್ಥಿವೇತನ ಕೈಗೆ ಬರುವುದು ಅದಾದ ಐದು ವಾರಕ್ಕೆ. ಕಟ್ಟದವರ ಹೆಸರು ಹಾಜರಿ ಪಟ್ಟಿಯಿಂದ ಹೋಗುತ್ತದೆ. ಮನೆಯಲ್ಲಿ ಕೇಳಲಾಗದವರು ಬಿಡುವ ಯೋಚನೆ ಮಾಡುತ್ತಾರೆ.

ಶುಲ್ಕ ವಿಭಾಗಕ್ಕೆ ಒಂದು ದಿನಾಂಕ ಗೊತ್ತಿತ್ತು, ವಿದ್ಯಾರ್ಥಿವೇತನ ವಿಭಾಗಕ್ಕೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ವಿದ್ಯಾರ್ಥಿವೇತನ ಮಂಜೂರಾದವರಿಗೆ ಆರು ವಾರ ಗಡುವು ವಿಸ್ತರಿಸುವ ಆದೇಶಕ್ಕೆ ಸಂಜೆಯೇ ಸಹಿ ಹಾಕಿದೆ. ನಾಲ್ಕು ಸಾಲಿನ ಆದೇಶ. ಮಾರನೇ ವರ್ಷ ಅದೇ ವಾರ ಆ ಮಾತು ಪಟ್ಟಿಯಲ್ಲಿ ಆರು ಸಲ ಇತ್ತು. ಆ ಆರರ ಬಗ್ಗೆಯೂ ಕೇಳಿಸಿದೆ.

ಅಧಿಕಾರ ಬಿಡುವ ವಾರ, ನನ್ನ ನಂತರ ಬರಲಿದ್ದವರು ಕೊಠಡಿಗೆ ಬಂದರು. ಕಡತಗಳ ಪಟ್ಟಿ, ಬಾಕಿ ಪ್ರಕರಣಗಳು, ಬೀಗದ ಕೈ, ಎಲ್ಲ ಕೊಟ್ಟಾಯಿತು. ಅಂದು ಶುಕ್ರವಾರ. ಹೊಸ ಹಾಳೆ ಮೇಜಿನ ಮೇಲಿತ್ತು. ಮೊದಲ ಸಾಲಿನಲ್ಲಿ 'ಅಂಕಪಟ್ಟಿ ಹೆಸರು ತಿದ್ದುಪಡಿ', ಹತ್ತೊಂಬತ್ತು ಸಲ. ಅವರು ಹಾಳೆ ಎತ್ತಿಕೊಂಡು ಓದಿದರು. "ಇದು ಇಷ್ಟು ಸಲ ಯಾಕೆ ಬಂದಿದೆ?" ಅಂತ ಕೇಳಿದರು. "ಬನ್ನಿ, ಕೇಳಿಕೊಂಡು ಬರೋಣ" ಅಂದೆ. ಇಬ್ಬರೂ ಎದ್ದು ಪರೀಕ್ಷಾ ವಿಭಾಗದ ಕೌಂಟರಿನ ಕಡೆಗೆ ಮೆಟ್ಟಿಲಿಳಿದೆವು.