ಮೀಡಿಯಾ ಲೈನಿಗೆ ಹೋಗ್ಬೇಕಾ? ಕ್ಯಾಮೆರಾ ತಗೊಳ್ಳುವ ಮೊದ್ಲು ಇಲ್ಲೇ ಮಂಗಳೂರು-ಉಡುಪಿಯಲ್ಲಿ ಮಾಡಿ ನೋಡ್ಬಹುದಾದ ಕೆಲ್ಸಗಳು

ಪಿಯುಸಿ ರಿಸಲ್ಟ್ ಬಂದ ಕೂಡ್ಲೆ ನಮ್ಮ ಕಡೆ ಶುರುವಾಗುವ ಪ್ರಶ್ನೆ ಇದು, ಮೀಡಿಯಾ ಲೈನಿಗೆ ಹೋಗ್ಬೇಕು, ಯಾವ ಕೋರ್ಸ್ ಒಳ್ಳೇದು, ಯಾವ ಕ್ಯಾಮೆರಾ ತಗೊಳ್ಳುದು. ಕೋರ್ಸಿನ ಬಗ್ಗೆ ಕೆಳಗೆ ಬರ್ದಿದ್ದೇನೆ. ಕ್ಯಾಮೆರಾ ಸದ್ಯಕ್ಕೆ ಬೇಡ. ಯಾಕಂದ್ರೆ ಮೀಡಿಯಾ ಅನ್ನುವ ಒಂದೇ ಹೆಸ್ರಿನ ಒಳಗೆ ಎಷ್ಟೋ ಬೇರೆ ಬೇರೆ ಕೆಲ್ಸಗಳುಂಟು, ಅದ್ರಲ್ಲಿ ನಿಮ್ಗೆ ಯಾವ್ದು ಹಿಡಿಸ್ತದೆ ಅಂತ ಕೈ ಹಾಕದೆ ಗೊತ್ತಾಗುದಿಲ್ಲ. ಹೀಗೆ ಕೇಳ್ಕೊಂಡು ಬಂದವ್ರಲ್ಲಿ ಹೆಚ್ಚಿನವ್ರಿಗೆ ಕ್ಯಾಮೆರಾಮ್ಯಾನ್ ಆಗ್ಬೇಕು, ಇಲ್ಲ ಡೈರೆಕ್ಟರ್ ಆಗ್ಬೇಕು. ಆದ್ರೆ ಇಲ್ಲಿ ಕೆಲ್ಸ ಮಾಡುವವ್ರನ್ನು ಕೇಳಿ ನೋಡಿ, ಜನ ಸಿಗುದಿಲ್ಲ ಅಂತ ಒದ್ದಾಡುದು ಸೌಂಡಿಗೆ, ಎಡಿಟಿಂಗ್ ಅಸಿಸ್ಟೆಂಟಿಗೆ, ಸಬ್‌ಟೈಟಲಿಗೆ, ಕನ್ನಡ ಅಕ್ಷರ ಸರಿಯಾಗಿ ಕೂರಿಸ್ಲಿಕ್ಕೆ ಬರುವ ಡಿಸೈನರಿಗೆ, ಮತ್ತೆ ಟೈಮಿಗೆ ಸರಿಯಾಗಿ ಗಾಡಿ ಊಟ ಪರ್ಮಿಶನ್ ಎಲ್ಲ ಹೊಂದಿಸುವ ಪ್ರೊಡಕ್ಷನ್ ಮ್ಯಾನೇಜರಿಗೆ. ಈ ಬಾಗಿಲುಗಳು ತೆರ್ದೇ ಉಂಟು, ಯಾರೂ ಆ ಕಡೆ ನೋಡುದಿಲ್ಲ ಅಷ್ಟೆ.

ಹಾಗಾಗಿ ಮೊದ್ಲ ಹೆಜ್ಜೆ ಇದು. ಒಂದು ವರ್ಷ ನಮ್ಮ ಊರಿನ ಸೀಸನ್ ನೋಡ್ಕೊಂಡು ಬೇರೆ ಬೇರೆ ಕೆಲ್ಸದ ಪಕ್ಕದಲ್ಲಿ ನಿಂತು ನೋಡಿ. ಬೇರೆ ಊರಿನವ್ರಿಗೆ ಈ ಅನುಕೂಲ ಇಲ್ಲ. ನವೆಂಬರಿಂದ ಪತ್ತನಾಜೆವರೆಗೆ, ಅಂದ್ರೆ ಮೇ ಕೊನೆವರೆಗೆ, ಯಕ್ಷಗಾನ ಮೇಳಗಳ ತಿರುಗಾಟ, ಅದ್ರ ಒಟ್ಟಿಗೇ ಮಾರ್ಚ್ ಏಪ್ರಿಲ್‌ವರೆಗೆ ಕಂಬಳ, ಜಾತ್ರೆ, ಬ್ರಹ್ಮಕಲಶ, ಮದುವೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿ ಪರ್ಯಾಯ. ಅಷ್ಟಮಿಗೆ ವಿಟ್ಲಪಿಂಡಿ, ಹುಲಿವೇಷ, ಮತ್ತೆ ಕುದ್ರೋಳಿ ದಸರಾ. ಇದ್ರಲ್ಲಿ ಹೆಚ್ಚಿನದ್ದಕ್ಕೆ ಈಗ ಯೂಟ್ಯೂಬ್ ಲೈವ್ ಉಂಟು, ಲೈವ್ ಅಂದ್ರೆ ಅಲ್ಲಿ ಟೀಮ್ ಉಂಟು, ಟೀಮ್ ಇದ್ದಲ್ಲಿ ಕೇಬಲ್ ಸುತ್ತಲಿಕ್ಕಾದ್ರೂ ಒಂದು ಜನ ಬೇಕು. "ಅಣ್ಣ, ಇವತ್ತು ರಾತ್ರಿ ನಾನೂ ಬರ್ಬಹುದಾ, ಕೇಬಲ್ ಎಳೀತೇನೆ, ಸ್ವಿಚರ್ ಹತ್ರ ಕೂತು ನೋಡ್ತೇನೆ" ಅಂತ ಕೇಳಿದ್ರೆ ಬೇಡ ಹೇಳುವವ್ರು ಕಡಿಮೆ.

ಒಂದು ಯಕ್ಷಗಾನ ಬಯಲಾಟದ ಲೈವ್ ತಗೊಳ್ಳಿ, ಎಷ್ಟು ಕೆಲ್ಸ ಒಂದೇ ರಾತ್ರಿಯಲ್ಲಿ ಕಾಣ್ತದೆ ಅಂತ ಹೇಳ್ತೇನೆ. ರಂಗಸ್ಥಳದ ಎದುರು ಒಂದು ವೈಡ್ ಕ್ಯಾಮೆರಾ, ಬದಿಯಲ್ಲಿ ಒಂದು ಕ್ಲೋಸ್, ಭಾಗವತರ ಕಡೆಗೆ ಒಂದು. ಮೂರೂ ಬಂದು ಸೇರುದು ಸ್ವಿಚಿಂಗ್ ಮಾಡುವವ್ರ, ಅಂದ್ರೆ ಯಾವ ಹೊತ್ತಿಗೆ ಯಾವ ಕ್ಯಾಮೆರಾ ತೋರಿಸ್ಬೇಕು ಅಂತ ಬದಲಾಯಿಸುವವ್ರ ಲ್ಯಾಪ್‌ಟಾಪಿಗೆ, ಅವ್ರಿಗೆ ತಾಳ ಗೊತ್ತಿರ್ಬೇಕು, ಪದ್ಯ ಎಲ್ಲಿ ನಿಲ್ತದೆ, ಧೀಂಗಿಣ (ವೇಷದವ್ರು ಗಿರಗಿರ ತಿರುಗುವ ಕುಣಿತ) ಯಾವಾಗ ಶುರುವಾಗ್ತದೆ ಅಂತ ಮೊದ್ಲೇ ಅಂದಾಜು ಇರ್ಬೇಕು, ಇಲ್ಲಾಂದ್ರೆ ವೇಷಧಾರಿ ತಿರುಗುವ ಹೊತ್ತಿಗೆ ಸ್ಕ್ರೀನಲ್ಲಿ ಭಾಗವತರ ಮುಖ ಇರ್ತದೆ. ಅಂದ್ರೆ ಚಿಕ್ಕಂದಿಂದ ಆಟ ನೋಡಿದವ್ರು ಅಲ್ಲಿ ದೊಡ್ಡ ಡಿಗ್ರಿ ಇದ್ದವ್ರಿಗಿಂತ ಮುಂದೆ. ಮತ್ತೊಬ್ರು ಪ್ರಸಂಗದ ಹೆಸ್ರು, ಕಲಾವಿದರ ಹೆಸ್ರು ಕೆಳಗೆ ಪಟ್ಟಿಯಲ್ಲಿ ಹಾಕ್ತಾ ಇರ್ತಾರೆ, ಇನ್ನೊಬ್ರು ಇಂಟರ್‌ನೆಟ್ ಕಾಯ್ತಾರೆ. ಲೈವ್ ಮಾಡ್ಲಿಕ್ಕೆ ಇರುವ ಓಬಿಎಸ್ ಅನ್ನುವ ಸಾಫ್ಟ್‌ವೇರ್ ಪೂರಾ ಫ್ರೀ, ಮನೆಯಲ್ಲಿ ಎರಡು ಮೊಬೈಲ್ ಸೇರಿಸಿ ಸ್ವಿಚಿಂಗ್ ಅಭ್ಯಾಸ ಮಾಡ್ಬಹುದು.

ಲೈಟಿನ ಒಂದು ವಿಷಯ ಅಲ್ಲೇ ಕಲ್ತುಬಿಡಿ. ರಂಗಸ್ಥಳದ ಎಲ್‌ಇಡಿ ಲೈಟ್ ಕೆಳಗೆ ಮೊಬೈಲಲ್ಲಿ ವಿಡಿಯೊ ತೆಗೆದ್ರೆ ಪಟ್ಟಿ ಪಟ್ಟಿಯಾಗಿ ಗೆರೆ ಹರಿದ ಹಾಗೆ ಕಾಣ್ತದಲ್ಲ, ಅದು ನಮ್ಮ ಕರೆಂಟ್ 50 ಹರ್ಟ್ಸ್ ಇರುದ್ರಿಂದ. ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್, ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, 1/50 ಇಲ್ಲ 1/100 ಸೆಕೆಂಡ್ ಮಾಡಿದ್ರೆ ಹೆಚ್ಚಿನ ಕಡೆ ಹೋಗ್ತದೆ. ಅದೇ ಕಂಬಳದ ಫೋಟೊಕ್ಕೆ ಹಗಲು ಬೆಳಕಲ್ಲಿ ಶಟರ್ 1/1000ಕ್ಕಿಂತ ಫಾಸ್ಟ್ ಬೇಕು, ಆಗ ಮಾತ್ರ ಕೋಣದ ಕಾಲಿಂದ ಎದ್ದ ಕೆಸರಿನ ಹನಿ ಹನಿ ನಿಲ್ತದೆ. ಯಾಕೆ ಅಂತ ಗೊತ್ತಿದ್ದು ಸೆಟ್ಟಿಂಗ್ ಬದಲಾಯಿಸುವವ್ರನ್ನು ಟೀಮಿನವ್ರು ಒಂದೇ ರಾತ್ರಿಯಲ್ಲಿ ಗುರುತಿಸ್ತಾರೆ.

ಈಗ ಸೌಂಡ್. ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ನಂಗೆ ಇದು ಮುಖ್ಯ ಅಂತ ಅನ್ನಿಸ್ತದೆ. ಚಿತ್ರ ಸ್ವಲ್ಪ ಮಸುಕಾದ್ರೆ ಜನ ನೋಡ್ತಾರೆ, ಮಾತು ಕೇಳದಿದ್ರೆ ಮುಂದೆ ಹೋಗ್ತಾರೆ. ಯಕ್ಷಗಾನದಲ್ಲಿ ಅರ್ಥಗಾರಿಕೆ ನಡೀವಾಗ ಲೆವೆಲ್ ಇಟ್ಟು ಸುಮ್ನೆ ಕೂತ್ರೆ ಚೆಂಡೆ ಬಿದ್ದ ಕೂಡ್ಲೆ ಮೀಟರ್ ಕೆಂಪಾಗಿ ಸ್ವರ ಒಡೀತದೆ, ಒಡೆದ ಸ್ವರವನ್ನು ಮತ್ತೆ ಸರಿ ಮಾಡ್ಲಿಕ್ಕಾಗುದಿಲ್ಲ. ಹಾಗಾಗಿ ಕತೆ ಶುರುವಾಗುವ ಮೊದ್ಲಿನ ಚೆಂಡೆ ಪೀಠಿಕೆ ನಡೀವಾಗ್ಲೇ ಲೆವೆಲ್ ನೋಡಿ, ಜೋರು ಪೆಟ್ಟು ಮೈನಸ್ 12 ಡೆಸಿಬಲ್ ಹತ್ರ ನಿಲ್ಲುವ ಹಾಗೆ ಇಡುದು, ರೆಕಾರ್ಡರಲ್ಲಿ ಎರಡ್ನೇ ಟ್ರ್ಯಾಕ್ ಇನ್ನೂ ಕಡಿಮೆ ಲೆವೆಲಲ್ಲಿ ಬಿಡುದು. ಮೈಕ್‌ಸೆಟ್ಟಿನವ್ರ ಮಿಕ್ಸರಿಂದ ಒಂದು ಲೈನ್ ಕೇಳಿ ತಗೊಳ್ಳಿ, ಆದ್ರೆ ಅದೊಂದನ್ನೇ ನಂಬ್ಬೇಡಿ, ಅದ್ರಲ್ಲಿ ಪ್ರೇಕ್ಷಕರ ಗದ್ದಲ, ಗೆಜ್ಜೆ ಸದ್ದು ಬರುದಿಲ್ಲ, ರಂಗಸ್ಥಳದ ಎದುರು ಇನ್ನೊಂದು ಮೈಕ್ ಇಟ್ಟು ಎರಡನ್ನೂ ಸೇರಿಸ್ಬೇಕು. ಮಲ್ಪೆ, ಪಣಂಬೂರು ಬೀಚಲ್ಲಿ ಇಂಟರ್‌ವ್ಯೂ ಮಾಡುದಾದ್ರೆ ಮೈಕಿಗೆ ರೋಮದ ಕವರ್ ಹಾಕದೆ ಹೋಗ್ಬೇಡಿ, ಗಾಳಿ ಬಿಟ್ರೆ ಬೇರೆ ಎಂತದೂ ಸಿಗುದಿಲ್ಲ. ಎಲ್ಲಿ ಶೂಟ್ ಮಾಡಿದ್ರೂ ಕಡೆಗೆ ಎಲ್ಲರನ್ನೂ ಸುಮ್ನೆ ನಿಲ್ಲಿಸಿ ಅರ್ಧ ನಿಮಿಷ ಆ ಜಾಗದ ಖಾಲಿ ಸದ್ದು ರೆಕಾರ್ಡ್ ಮಾಡಿ, ಎಡಿಟಲ್ಲಿ ಕಟ್ ಮುಚ್ಚಲಿಕ್ಕೆ ಅದೇ ಬೇಕು. ಸೌಂಡಲ್ಲಿ ಕಿವಿ ಕೂತವ್ರಿಗೆ ರೇಡಿಯೊ, ಪಾಡ್‌ಕಾಸ್ಟ್, ಡಬ್ಬಿಂಗ್, ಸಿನೆಮಾ ಎಲ್ಲ ಕಡೆ ದಾರಿ ಉಂಟು.

ರೇಡಿಯೊ ಅಂದಾಗ, ನಮ್ಮಲ್ಲಿ ಕದ್ರಿಯ ಆಕಾಶವಾಣಿ ಉಂಟು, ಮಂಗಳೂರಿನ ಸೈಂಟ್ ಅಲೋಶಿಯಸ್‌ನ ರೇಡಿಯೊ ಸಾರಂಗ್ 107.8 ಉಂಟು, ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್ 90.4. ಕೊನೆಯ ಎರಡು ಸಮುದಾಯ ಬಾನುಲಿ, ಅಂದ್ರೆ ಊರಿನ ಜನರ ದನಿಗೇ ಇರುವಂಥದ್ದು. ಮೀನುಗಾರ ಮಹಿಳೆಯರ ಬಗ್ಗೆಯೋ ಬೀಡಿ ಕಟ್ಟುವವ್ರ ಬಗ್ಗೆಯೋ ಹತ್ತು ನಿಮಿಷದ ಒಂದು ಕಾರ್ಯಕ್ರಮ ಪೂರ್ತಿ ರೆಡಿ ಮಾಡ್ಕೊಂಡು ಹೋಗಿ ಕೇಳಿ, ಬರೀ ಆರ್‌ಜೆ ಆಗ್ಬೇಕು ಹೇಳಿದ್ರೆ ಯಾರಿಗೂ ನಿಮ್ಮ ಕೆಲ್ಸ ಕಾಣುದಿಲ್ಲ.

ಕನ್ನಡ ಅಕ್ಷರದ ವಿಷಯ. ಪೋಸ್ಟರಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದದ್ದು, ಅರ್ಕಾವತ್ತು ತಪ್ಪಿದ್ದು ನೀವೇ ನೋಡಿರ್ತೀರಿ, ನೋಡುವಾಗ ಬೇಜಾರಾಗ್ತದೆ. ಹೆಚ್ಚಾಗಿ ಕಾರಣ ಸಣ್ಣದು, ಫೋಟೊಶಾಪ್‌ನ ಹಳೇ ವರ್ಶನಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಅಂತ ಇರುವಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿರುದಿಲ್ಲ. ಅದನ್ನು ಹಾಕಿದ್ರೆ ಯೂನಿಕೋಡ್ ಕನ್ನಡ ಸರಿ ಕೂರ್ತದೆ. ಇನ್ನು ಪ್ರಿಂಟಿನವ್ರಲ್ಲಿ ತುಂಬಾ ಜನ ಈಗ್ಲೂ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಫೈಲ್ ಕೊಡ್ತಾರೆ, ಅದನ್ನು ಸೀದಾ ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರದ ಗೋಜಲು ಬರ್ತದೆ, ಕನ್ವರ್ಟರಲ್ಲಿ ಹಾಕಿ ಮತ್ತೆ ಪೂರ್ತಿ ಪ್ರೂಫ್ ನೋಡ್ಬೇಕು. ಎರಡೂ ಗೊತ್ತಿದ್ದು, ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ ಬರೀಲಿಕ್ಕೆ ಬರುವ ಡಿಸೈನರ್ ಸಿಕ್ಕಿದ್ರೆ ಏಜೆನ್ಸಿಯವ್ರು ಬಿಡುದಿಲ್ಲ. ಆ್ಯಪ್ ಡಿಸೈನ್, ಗೇಮ್ ಆರ್ಟ್ ಕಡೆ ಆಸಕ್ತಿ ಇದ್ರೆ ಅದಕ್ಕೂ ಬೆಂಗಳೂರೇ ಆಗ್ಬೇಕಂತ ಇಲ್ಲ, ರೋಬೋಸಾಫ್ಟ್ 1996ರಲ್ಲಿ ಶುರುವಾದದ್ದೇ ಉಡುಪಿಯಲ್ಲಿ, ಮೊಬೈಲ್ ಗೇಮ್ ಮಾಡುವ 99ಗೇಮ್ಸ್ ಕೂಡ ಉಡುಪಿಯದ್ದೇ.

ಭಾಷೆ ನಮ್ಮ ಕಡೆಯವ್ರ ದೊಡ್ಡ ಆಸ್ತಿ, ಆದ್ರೆ ಬಯೋಡೇಟಾದಲ್ಲಿ ಯಾರೂ ಸರಿಯಾಗಿ ಬರೆಯುದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಸ್ವಲ್ಪ ಮಲಯಾಳಂ ಹಿಂದಿ. ತುಳು ಸಿನೆಮಾ 1971ರಿಂದ ಬರ್ತಾ ಉಂಟು, ಈಗ ಕರಾವಳಿಯ ಕತೆಗಳನ್ನು ಬೇರೆ ರಾಜ್ಯದವ್ರೂ ನೋಡ್ತಾರೆ, ಅವ್ರಿಗೆಲ್ಲ ಸಬ್‌ಟೈಟಲ್ ಬೇಕು. ಸಬ್‌ಟೈಟಲ್ ಎಡಿಟ್ ಅನ್ನುವ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು ಅಜ್ಜಿ ಹೇಳಿದ ಒಂದು ಕತೆಯನ್ನು ರೆಕಾರ್ಡ್ ಮಾಡಿ ಅದಕ್ಕೇ ಹಾಕಿ ನೋಡಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ, ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸ್ಬೇಡಿ, ಓದಿ ಮುಗಿಸ್ಲಿಕ್ಕೆ ಟೈಮ್ ಸಿಗುವಷ್ಟೇ ಪದ ಇಡಿ, ಎಲ್ಲ ಮಾತನ್ನೂ ತುರುಕ್ಲಿಕ್ಕೆ ಹೋದ್ರೆ ಯಾರೂ ಮುಖ ನೋಡುದಿಲ್ಲ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಶನ್ ಕಲೀಲಿಕ್ಕೆ ಧಾರಾಳ ಸಾಕು. ಲ್ಯಾಪ್‌ಟಾಪ್ ಸ್ಲೋ ಇದ್ರೆ ಪ್ರಾಕ್ಸಿ, ಅಂದ್ರೆ ವಿಡಿಯೊದ ಸಣ್ಣ ಸೈಜಿನ ಕಾಪಿ, ಮಾಡ್ಕೊಂಡು ಕೆಲ್ಸ ಮಾಡಿ. ಫೋಲ್ಡರಿಗೆ ತಾರೀಕು ಹಾಕಿ ಹೆಸ್ರಿಡುದು, ಮೆಮೊರಿ ಕಾರ್ಡ್ ಖಾಲಿ ಮಾಡುವ ಮೊದ್ಲು ಎರಡು ಕಡೆ ಕಾಪಿ ಇರುದು, ಇದು ಅಭ್ಯಾಸ ಆದ್ರೆ ಎಡಿಟಿಂಗ್ ಅಸಿಸ್ಟೆಂಟ್ ಕೆಲ್ಸದ ಅರ್ಧ ಕಲ್ತ ಹಾಗೆ.

ಇನ್ನು ಕೋರ್ಸ್. ಬರವಣಿಗೆ, ವರದಿಗಾರಿಕೆ ಕಡೆ ಮನಸ್ಸಿದ್ರೆ ಉಜಿರೆ ಎಸ್‌ಡಿಎಂ, ಮೂಡುಬಿದಿರೆ ಆಳ್ವಾಸ್, ಅಲೋಶಿಯಸ್ ಇಲ್ಲೆಲ್ಲ ಪತ್ರಿಕೋದ್ಯಮ ಉಂಟು, ಪಿಜಿಗೆ ಕೊಣಾಜೆಯ ಮಂಗಳೂರು ವಿವಿ. ಮಣಿಪಾಲದ ಎಂಐಸಿ (ಮಣಿಪಾಲ್ ಇನ್‌ಸ್ಟಿಟ್ಯೂಟ್ ಆಫ್ ಕಮ್ಯುನಿಕೇಶನ್) 1997ರಿಂದ ಉಂಟು, ಸೌಕರ್ಯ ಒಳ್ಳೇದು, ಫೀಸ್ ಜಾಸ್ತಿ. ಕ್ಯಾಮೆರಾ ಅಥ್ವಾ ಸೌಂಡೇ ಬೇಕಂತ ಒಂದು ವರ್ಷ ಮಾಡಿ ನೋಡಿದ ಮೇಲೂ ಅನ್ನಿಸಿದ್ರೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ಡಿಪ್ಲೊಮಾ ನೋಡಿ, ಡಿಗ್ರಿ ಆದ ಮೇಲೆ ಪುಣೆಯ ಕೇಂದ್ರ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐಗೆ ಎಂಟ್ರೆನ್ಸ್ ಬರೀಬಹುದು. ನಟನೆ, ನಿರ್ದೇಶನ ಅಂದ್ರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೀತಾ ಉಂಟು. ಎಲ್ಲಿಗೇ ಸೇರುವ ಮೊದ್ಲು ಬ್ರೋಷರ್ ಪಕ್ಕಕ್ಕಿಟ್ಟು ಅಲ್ಲಿನ ಫೈನಲ್ ಇಯರ್ ಮಕ್ಕಳ ಕೆಲ್ಸ ತೋರಿಸ್ಲಿಕ್ಕೆ ಹೇಳಿ, ಎಡಿಟ್ ರೂಮ್ ಎಷ್ಟು ಹೊತ್ತು ಓಪನ್ ಇರ್ತದೆ, ರೆಕಾರ್ಡರ್ ಮನೆಗೆ ಕೊಡ್ತಾರಾ ಅಂತ ಕೇಳಿ.

ಮಳೆಗಾಲ ಖಾಲಿ ಅಂತ ಕೂರ್ಬೇಡಿ, ಶೋ ರೀಲ್, ಅಂದ್ರೆ ನಿಮ್ಮ ಕೆಲ್ಸದ ಮಾದರಿ ತೋರಿಸುವ ಸಣ್ಣ ವಿಡಿಯೊ, ಮಾಡುವ ಟೈಮ್ ಅದು. ಎರಡು ನಿಮಿಷ ಸಾಕು, ಒಳ್ಳೇದನ್ನು ಮೊದ್ಲೇ ಹಾಕಿ, ಅದ್ರಲ್ಲಿ ನೀವು ಮಾಡಿದ್ದು ಯಾವ ಕೆಲ್ಸ ಅಂತ ಸ್ಪಷ್ಟ ಬರೀರಿ. ಕ್ಯಾಮೆರಾ ಲೆನ್ಸ್ ಏನಾದ್ರೂ ಇದ್ರೆ ಜೂನಿಂದ ಬ್ಯಾಗಲ್ಲಿ ಇಡ್ಬೇಡಿ, ನಮ್ಮ ತೇವಕ್ಕೆ ಗ್ಲಾಸಿನ ಒಳಗೆ ಜೇಡರ ಬಲೆ ಥರ ಫಂಗಸ್ ಬರ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶದ ಮೀಟರ್, ಅದು 40ರಿಂದ 50 ಶೇಕಡಾ ತೋರಿಸಿದ್ರೆ ಆಯ್ತು.

ಕೋಲ, ನೇಮದಲ್ಲಿ ಕ್ಯಾಮೆರಾ ತೆಗೆಯುವ ಮೊದ್ಲು ಗುತ್ತಿನವ್ರನ್ನು (ನೇಮ ನಡೆಸುವ ಮನೆತನದವ್ರು), ದೈವ ಕಟ್ಟುವವ್ರನ್ನು ಕೇಳಿ, ಬೇಡ ಅಂದ್ರೆ ಬೇಡ. ಅಲ್ಲಿ ತೆಗೆದದ್ದಕ್ಕೆ ಸಿನೆಮಾ ಹಾಡು ಹಾಕಿ ರೀಲ್ ಮಾಡುದು ದಯವಿಟ್ಟು ಬೇಡ, ಅದು ಅವ್ರ ನಂಬಿಕೆ, ಅವ್ರ ಬದುಕು. ಡ್ರೋನ್ ವಿಷಯವೂ ಹಾಗೇ ಮನಸ್ಸಿಗೆ ಬಂದಲ್ಲಿ ಹಾರಿಸುವ ಹಾಗಿಲ್ಲ, ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ಮ್ಯಾಪಲ್ಲಿ ಜಾಗ ನೋಡ್ಬೇಕು, ಬಜ್ಪೆ ವಿಮಾನ ನಿಲ್ದಾಣ ಹತ್ರ ಇರುದ್ರಿಂದ ಮಂಗಳೂರಲ್ಲಿ ಇನ್ನೂ ಜಾಗ್ರತೆ ಬೇಕು, 250 ಗ್ರಾಂಗಿಂತ ಭಾರದ ಡ್ರೋನಲ್ಲಿ ದುಡ್ಡಿನ ಕೆಲ್ಸ ಮಾಡುದಾದ್ರೆ ಪೈಲಟ್ ಸರ್ಟಿಫಿಕೇಟ್ ಬೇಕೇ ಬೇಕು.

ಕೆಲ್ಸ ಕೇಳುವಾಗ ಉದ್ದ ಕತೆ ಬರೀಬೇಡಿ. "ನಮಸ್ಕಾರ ಸರ್, ನಾನು ಪುತ್ತೂರಿನವ, ಎಡಿಟಿಂಗ್ ಕಲೀತಾ ಇದ್ದೇನೆ, ಸೌಂಡ್ ವಿಡಿಯೊ ಸಿಂಕ್ ಮಾಡುದು, ಸಬ್‌ಟೈಟಲ್ ಹಾಕುದು ಬರ್ತದೆ, ತುಳು ಕನ್ನಡ ಎರಡೂ ಬರ್ತದೆ, ಎರಡು ನಿಮಿಷದ ಸ್ಯಾಂಪಲ್ ಲಿಂಕ್ ಇದು, ಅಸಿಸ್ಟೆಂಟ್ ಬೇಕಾದ್ರೆ ಹೇಳಿ" ಅಷ್ಟು ಸಾಕು. ಒಂದೆರಡು ರಾತ್ರಿ ಕಲೀಲಿಕ್ಕೆ ಫ್ರೀ ಹೋಗುದು ಬೇರೆ, ನಿಮ್ಮ ಕೆಲ್ಸವನ್ನು ಗಿರಾಕಿಗೆ ಮಾರುವಾಗ್ಲೂ ಫ್ರೀ ಮಾಡುದು ಬೇರೆ, ಎರಡ್ನೇದಕ್ಕೆ ಒಪ್ಪಬೇಡಿ.

ದುಡ್ಡಿನ ಮಾತು ಕೆಲ್ಸ ಶುರುವಾಗುವ ಮೊದ್ಲೇ ವಾಟ್ಸಾಪಲ್ಲಾದ್ರೂ ಬರವಣಿಗೆಯಲ್ಲಿ ಇರ್ಲಿ. ಅರ್ಧ ಅಡ್ವಾನ್ಸ್, ಎಷ್ಟು ಸಲ ಕರೆಕ್ಷನ್, ಯಾವ ತಾರೀಕಿಗೆ ಡೆಲಿವರಿ, ಕ್ಯಾನ್ಸಲ್ ಆದ್ರೆ ಎಷ್ಟು. ಮತ್ತೆ ಹಕ್ಕು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಒಬ್ರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊ, ಸಿನೆಮಾದ (ವಿಡಿಯೊವೂ ಇದ್ರಲ್ಲೇ ಬರ್ತದೆ) ಮೊದಲ ಮಾಲೀಕರು ತೆಗೆಸಿದವ್ರೇ, ಒಪ್ಪಂದದಲ್ಲಿ ಬೇರೆ ಬರೆಯದಿದ್ರೆ. ಹಾಗಾಗಿ ಮದುವೆ ವಿಡಿಯೊವನ್ನು ನಿಮ್ಮ ಶೋ ರೀಲಲ್ಲಿ ಹಾಕ್ಬೇಕಾದ್ರೆ "ನನ್ನ ಕೆಲ್ಸದ ಮಾದರಿಯಾಗಿ ತೋರಿಸ್ಲಿಕ್ಕೆ ಒಪ್ಪಿಗೆ ಉಂಟು" ಅನ್ನುವ ಒಂದು ಸಾಲು ಮೊದ್ಲೇ ಬರೆಸ್ಕೊಳ್ಳಿ. ಕಂಪನಿಯವ್ರು ಪೇಮೆಂಟಲ್ಲಿ ಟಿಡಿಎಸ್, ಅಂದ್ರೆ ಮುಂಚಿತ ತೆರಿಗೆ, ಹಿಡಿದ್ರೆ ಅದು ನಿಮ್ಮ ಪ್ಯಾನ್ ಹೆಸ್ರಲ್ಲಿ ಕಟ್ಟಿದ್ದಾರಾ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ನೋಡಿ, ಆದಾಯ ತೆರಿಗೆ ಮಿತಿಯ ಒಳಗೆ ಇದ್ರೆ ರಿಟರ್ನ್ ಫೈಲ್ ಮಾಡಿ ಆ ದುಡ್ಡು ವಾಪಸ್ ತಗೊಳ್ಬಹುದು, ಹೊಸಬ್ರು ತುಂಬಾ ಜನ ಇದನ್ನು ಹಾಗೇ ಬಿಟ್ಟುಬಿಡ್ತಾರೆ.